ನೋಡುವ ಹಕ್ಕು, ದಾಖಲಿಸುವ ಅಧಿಕಾರ

ನ್ಯಾಯದಾನವು ಬಹಿರಂಗವಾಗಿ ನಡೆಯಬೇಕೆಂಬುದು ನಮ್ಮ ನ್ಯಾಯಪದ್ಧತಿಯ ಮೂಲತತ್ತ್ವ. ಹಿಂದೆ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಕಕ್ಷಿದಾರರು ಉಚ್ಚ ನ್ಯಾಯಾಲಯಕ್ಕಾಗಿ ವಾಡಿ ಜಂಕ್ಷನ್ನಿನ ಮಾರ್ಗವಾಗಿ ದೂರದ ಬೆಂಗಳೂರನ್ನು ಸೇರಬೇಕಾಗಿತ್ತು. 2008ರಲ್ಲಿ ಅಂದಿನ ಗುಲಬರ್ಗಾದಲ್ಲಿ ಸಂಚಾರಿ ಪೀಠವು ಆರಂಭವಾಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. 2020ರ ಕೊರೋನಾ ಪಿಡುಗಿನ ಕಾಲದಲ್ಲಿ ವಿಡಿಯೊ ಕಾನ್ಫರೆನ್ಸಿನ ವಿಚಾರಣೆಯು ವ್ಯಾಪಕವಾಗಿ ಬಳಕೆಗೆ ಬಂದು, ನ್ಯಾಯಪೀಠವು ಮನೆಯಂಗಳಕ್ಕೇ ಬಂದಂತಾಯಿತು.

ತೆರೆಯ ಮೇಲೆ ಕಾಣುವ ಈ ಕಲಾಪವನ್ನು ದಾಖಲಿಸುವ ಅಧಿಕಾರ ಯಾರದು? ನ್ಯಾಯಾಲಯದ್ದು ಮಾತ್ರ. ನೇರ ಪ್ರಸಾರಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಮ್ಮತಿಸಿತು. 2022ರ ಜನವರಿ 1ರಿಂದ ಕರ್ನಾಟಕ ಉಚ್ಚ ನ್ಯಾಯಾಲಯದ ನಿಯಮಗಳು ಜಾರಿಗೆ ಬಂದವು. ಅವುಗಳ ಪ್ರಕಾರ ಕಕ್ಷಿದಾರನಾಗಲಿ, ವಕೀಲನಾಗಲಿ, ಪತ್ರಕರ್ತನಾಗಲಿ ಅನುಮತಿಯಿಲ್ಲದೆ ಕಲಾಪವನ್ನು ದಾಖಲಿಸಕೂಡದು, ಹಂಚಕೂಡದು. ವೈವಾಹಿಕ ವ್ಯಾಜ್ಯಗಳೂ ಲೈಂಗಿಕ ಅಪರಾಧದ ಪ್ರಕರಣಗಳೂ ನೇರ ಪ್ರಸಾರಕ್ಕೇ ಒಳಪಡುವುದಿಲ್ಲ.

ಈ ನಿರ್ಬಂಧವು ಅಕಾರಣವಲ್ಲ. ದೀರ್ಘ ವಾದದಿಂದ ಅರ್ಧ ನಿಮಿಷವನ್ನು ಕತ್ತರಿಸಿ ತೋರಿಸಿದರೆ, ನ್ಯಾಯಾಧೀಶರು ಕೇಳಿದ ಪ್ರಶ್ನೆಯನ್ನೇ ಜನರು ತೀರ್ಪೆಂದು ಭ್ರಮಿಸಬಹುದು. ಹಳ್ಳಿಯ ಸಾಕ್ಷಿಯೊಬ್ಬನ ತಡವರಿಕೆಯು ಊರಿನ ನಗೆಗೆ ವಸ್ತುವಾದರೆ, ಮುಂದೆ ಸಾಕ್ಷಿ ನುಡಿಯಲು ಯಾರು ಬಂದಾರು?

2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತುಗಳ ತುಣುಕುಗಳು ಎಲ್ಲೆಡೆ ಹರಡಿದಾಗ, ಅವುಗಳನ್ನು ಬಳಸದಂತೆ ಉಚ್ಚ ನ್ಯಾಯಾಲಯವು ಕೆಲವು ಯೂಟ್ಯೂಬ್ ಚಾನೆಲ್ಲುಗಳಿಗೆ ತಡೆಯಾಜ್ಞೆ ನೀಡಿತು. ಆದರೆ ಆ ಮಾತುಗಳನ್ನು ಸರ್ವೋಚ್ಚ ನ್ಯಾಯಾಲಯವೂ ಗಮನಿಸಿತು. ನ್ಯಾಯಮೂರ್ತಿಗಳು ಎಚ್ಚರದಿಂದ ಮಾತನಾಡಬೇಕೆಂದಿತು. ನೇರ ಪ್ರಸಾರವನ್ನು ನಿಲ್ಲಿಸುವುದು ಪರಿಹಾರವಲ್ಲವೆಂದೂ ಸೂಚಿಸಿತು. ಹೀಗೆ ದಾಖಲೆಯ ಕೀಲಿಕೈ ನ್ಯಾಯಾಲಯದ ಬಳಿಯಿದ್ದರೂ ಅದರ ಬಾಗಿಲು ಪ್ರಜೆಗೆ ತೆರೆದೇ ಇರಬೇಕು.