ಕಣ್ಣಿನ ಪರದೆಗೆ ಲೇಸರ್ ಆದ ಮೇಲೆ ಹದಿನೈದು ದಿನ

(ಸಂಘದ ವಾರದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ ಚರ್ಚಿಸಲು)



ಹೆರಿಗೆಯಾದವಳಿಗೆ ಬಾಣಂತನ ಅಂತ ಇದೆ. ಹೊಟ್ಟೆಯ ಆಪರೇಷನ್ ಆದವಳಿಗೆ ಹೊಲಿಗೆ ಇರುತ್ತದೆ, ಅದನ್ನು ನೋಡಿಯಾದರೂ ಮನೆಯವರು ಕೊಡ ಎತ್ತಬೇಡ ಅನ್ನುತ್ತಾರೆ. ಪೊರೆ ತೆಗೆಸಿಕೊಂಡು ಬಂದವರಿಗೆ ಕಪ್ಪು ಕನ್ನಡಕ ಇರುತ್ತದೆ. ಆದರೆ ಕಣ್ಣಿನ ಹಿಂಬದಿಯ ಪರದೆ ಹರಿದು, ಅದಕ್ಕೆ ಲೇಸರ್ ಮಾಡಿಸಿಕೊಂಡು ಬಂದ ಹೆಂಗಸಿಗೆ ಪಟ್ಟಿಯೂ ಇಲ್ಲ, ಹೊಲಿಗೆಯೂ ಇಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹೋದವಳು ಸಂಜೆ ಮನೆಗೆ ಬಂದಿರುತ್ತಾಳೆ. "ಆಪರೇಷನ್ ಅಂದ್ಯಲ್ಲ, ಏನೂ ಆದ ಹಾಗೇ ಇಲ್ವಲ್ಲ!" ಎನ್ನುವ ಮಾತು ಬರುತ್ತದೆ. ಮರುದಿನ ಸೌದೆ ಹೊರೆ ಅವಳ ತಲೆಯ ಮೇಲೇ ಇರುತ್ತದೆ.

ಹೊರಗೆ ಏನೂ ಕಾಣದ ಈ ಚಿಕಿತ್ಸೆಗೆ ಸುಮಾರು ಎರಡು ವಾರದ ಜಾಗ್ರತೆ ಬೇಕು. ಆ ಎರಡು ವಾರ ಯಾಕೆ, ಏನು ಮಾಡಬಹುದು, ಏನು ಮಾಡಬಾರದು, ಸಂಘದವರು ಏನು ಮಾಡಬೇಕು ಎನ್ನುವುದೇ ಈ ತಿಂಗಳ ಪಾಠ.

ಪೊರೆ ಬೇರೆ, ಪರದೆ ಬೇರೆ

ನಮ್ಮಲ್ಲಿ ಕಣ್ಣಿನ ತೊಂದರೆ ಅಂದರೆ ಎಲ್ಲದಕ್ಕೂ "ಪೊರೆ ಬಂದಿದೆ" ಅನ್ನುತ್ತೇವೆ. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ನಾವು ಈಗ ಹೇಳುತ್ತಿರುವುದು ಕಣ್ಣುಗುಡ್ಡೆಯ ಒಳಗೆ, ಹಿಂದಿನ ಗೋಡೆಗೆ ಅಂಟಿಕೊಂಡಿರುವ ತೀರಾ ತೆಳುವಾದ ಪರದೆಯ ವಿಷಯ. ಇದಕ್ಕೆ ಅಕ್ಷಿಪಟಲ ಎನ್ನುತ್ತಾರೆ, ಡಾಕ್ಟರು ರೆಟಿನಾ ಎನ್ನುತ್ತಾರೆ. ನಾವು ನೋಡುವುದೆಲ್ಲ ಇದರ ಮೇಲೆ ಬಿದ್ದು, ನರದ ಮೂಲಕ ಮೆದುಳಿಗೆ ಹೋಗುತ್ತದೆ.

ಕಣ್ಣುಗುಡ್ಡೆಯ ನಡುವೆ ಮೊಟ್ಟೆಯ ಬಿಳಿಭಾಗದಂಥ ಒಂದು ಲೋಳೆ ತುಂಬಿರುತ್ತದೆ. ವಯಸ್ಸು ಐವತ್ತು ದಾಟುತ್ತಿದ್ದ ಹಾಗೆ ಈ ಲೋಳೆ ನೀರಾಗಿ, ಕುಗ್ಗಿ, ಪರದೆಯಿಂದ ಬಿಡಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಏನೂ ತೊಂದರೆಯಾಗುವುದಿಲ್ಲ. ಕೆಲವರಲ್ಲಿ ಮಾತ್ರ, ಎಲ್ಲಿ ಅದು ಗಟ್ಟಿಯಾಗಿ ಅಂಟಿಕೊಂಡಿದೆಯೋ ಅಲ್ಲಿ ಪರದೆಯನ್ನೇ ಎಳೆದು ಹರಿದುಬಿಡುತ್ತದೆ. ಹೆಚ್ಚು ಮೈನಸ್ ಪವರಿನ ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಕಣ್ಣಿಗೆ ಜೋರಾಗಿ ಏಟು ಬಿದ್ದವರು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿದ್ದವರು ಹೆಚ್ಚು ಜಾಗ್ರತೆಯಿಂದ ಇರಬೇಕು. ಇವರಲ್ಲಿ ಐವತ್ತಕ್ಕೆ ಮೊದಲೇ ಹರಿಯಬಹುದು.

ಹರಿದಾಗ ನೋವು ಇರುವುದಿಲ್ಲ. ಇದೇ ಮೋಸ. ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದ ಹಾಗೆ ಬೆಳಕು, ಒಮ್ಮೆಲೇ ಸೊಳ್ಳೆ ಹಾರಿದ ಹಾಗೆ, ಮಸಿ ಉದುರಿದ ಹಾಗೆ, ಜೇಡರ ಬಲೆ ತೇಲಿದ ಹಾಗೆ ಕಪ್ಪು ಚುಕ್ಕೆಗಳು, ಇಷ್ಟೇ. "ಪಿತ್ತ ಇರಬೇಕು" ಅಂತ ನಿಂಬೆಹಣ್ಣಿನ ಪಾನಕ ಕುಡಿದು ಮಲಗುವವರೇ ಹೆಚ್ಚು.

ಹರಿದ ಜಾಗದಿಂದ ಕಣ್ಣಿನೊಳಗಿನ ನೀರು ಪರದೆಯ ಹಿಂದೆ ಇಳಿಯಲು ಶುರುವಾದರೆ ಕೆಲಸ ಕೆಟ್ಟಿತು. ಮಳೆಗಾಲದಲ್ಲಿ ಗೋಡೆಯ ಬಿರುಕಿನಲ್ಲಿ ನೀರು ಹೋಗಿ ಸುಣ್ಣದ ಪದರ ಹಪ್ಪಳದ ಹಾಗೆ ಎದ್ದು ಬರುವುದನ್ನು ನೋಡಿದ್ದೀರಲ್ಲ, ಹಾಗೆಯೇ ಪರದೆ ಗೋಡೆಯಿಂದ ಬಿಟ್ಟು ಬರುತ್ತದೆ. ಗೋಡೆಯಿಂದ ಬಿಟ್ಟ ಪರದೆಗೆ ಪೋಷಣೆ ಸಿಗುವುದಿಲ್ಲ. ತಡವಾದರೆ ದೃಷ್ಟಿ ವಾಪಸ್ಸು ಬರುವುದು ಕಷ್ಟ.

ಲೇಸರ್ ಏನು ಮಾಡುತ್ತದೆ

ಪರದೆ ಹರಿದಿದೆ, ಆದರೆ ಇನ್ನೂ ಎದ್ದಿಲ್ಲ ಎನ್ನುವ ಹಂತದಲ್ಲಿ ಡಾಕ್ಟರು ಲೇಸರ್ ಹೇಳುತ್ತಾರೆ. ಹರಿದ ಜಾಗದ ಸುತ್ತ ಎರಡು ಮೂರು ಸಾಲಿನಲ್ಲಿ ಬೆಳಕಿನಿಂದ ಸಣ್ಣ ಸಣ್ಣ ಸುಟ್ಟ ಚುಕ್ಕೆ ಇಡುತ್ತಾರೆ. ಆ ಚುಕ್ಕೆಗಳು ಮಾಯುವಾಗ ಗಾಯದ ಕಲೆಯಾಗಿ, ಪರದೆಯನ್ನು ಹಿಂದಿನ ಗೋಡೆಗೆ ಗಟ್ಟಿಯಾಗಿ ಅಂಟಿಸುತ್ತವೆ. ಹರಿದದ್ದು ಮುಚ್ಚುವುದಿಲ್ಲ, ಅದು ಹಾಗೇ ಇರುತ್ತದೆ. ಗದ್ದೆಯಲ್ಲಿ ಒಂದು ಗುಂಡಿ ಬಿದ್ದರೆ ಅದರ ಸುತ್ತ ಬದು ಕಟ್ಟಿ ನೀರು ಆಚೆ ಹರಿಯದ ಹಾಗೆ ಮಾಡುತ್ತೇವಲ್ಲ, ಇದೂ ಅಷ್ಟೇ.

ಈ ಉಪಾಯ ಹೊಳೆದದ್ದು ಗ್ರಹಣದಿಂದ ಅಂದರೆ ನಿಮಗೆ ಆಶ್ಚರ್ಯವಾಗಬಹುದು. ಜರ್ಮನಿಯ ಮೇಯರ್-ಶ್ವಿಕೆರಾತ್ ಎಂಬ ಕಣ್ಣಿನ ಡಾಕ್ಟರು 1945ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಪರದೆ ಸುಟ್ಟುಕೊಂಡಿದ್ದವರ ಕಣ್ಣನ್ನು ಪರೀಕ್ಷಿಸಿದರು. ಬೆಳಕಿನಿಂದ ಆದ ಆ ಕಲೆ ನೋಡಿ, ಇದನ್ನೇ ಬೇಕಾದ ಜಾಗದಲ್ಲಿ ಬೇಕಾದಷ್ಟೇ ಮಾಡಿದರೆ ಪರದೆ ಅಂಟಿಸಬಹುದಲ್ಲ ಎಂದು ಯೋಚಿಸಿದರು. ಮೊದಮೊದಲು ಬಿಸಿಲನ್ನು, ಆಮೇಲೆ ಪ್ರಖರ ದೀಪದ ಬೆಳಕನ್ನು ಬಳಸಿದರು. ಲೇಸರ್ ಬಂದದ್ದು 1960ರ ನಂತರ.

ಇನ್ನೊಂದು ಗೊಂದಲ ಬಿಡಿಸಬೇಕು. "ಲೇಸರ್" ಎನ್ನುವ ಒಂದೇ ಹೆಸರಿನಲ್ಲಿ ನಾಲ್ಕಾರು ಚಿಕಿತ್ಸೆಗಳಿವೆ. ಕನ್ನಡಕ ಬೇಡವಾಗಲು ಮಾಡಿಸುವ ಲೇಸರ್ ಬೇರೆ. ಸಕ್ಕರೆ ಕಾಯಿಲೆಯವರ ಪರದೆಗೆ ಮಾಡುವ ಲೇಸರ್ ಬೇರೆ. ಪೊರೆಯ ಆಪರೇಷನ್ ಆಗಿ ಕೆಲವು ವರ್ಷಕ್ಕೆ ಮತ್ತೆ ಮಬ್ಬಾದಾಗ ಮಾಡುವುದು ಬೇರೆ. ಆದ್ದರಿಂದ "ನಮ್ಮ ಅತ್ತಿಗೆಗೂ ಲೇಸರ್ ಆಗಿತ್ತು, ಮಾರನೇ ದಿನವೇ ಕೆಲಸಕ್ಕೆ ಹೋದಳು" ಎನ್ನುವ ಮಾತನ್ನು ಕೇಳಿ ನಮ್ಮ ಕಣ್ಣಿನ ವಿಷಯ ತೀರ್ಮಾನಿಸಬಾರದು.

ಆ ದಿನ

ಕಣ್ಣಿನ ಪಾಪೆ ಅಗಲವಾಗಲು ಹನಿ ಹಾಕುತ್ತಾರೆ, ಮರಗಟ್ಟಲು ಇನ್ನೊಂದು ಹನಿ. ಯಂತ್ರದ ಮುಂದೆ ಗದ್ದ ಇಟ್ಟು ಕೂರಿಸಿ ಅಥವಾ ಮಲಗಿಸಿ ಮಾಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಬೆಳಕು ಹೊಳೆದು ಹೊಳೆದು ಬರುತ್ತದೆ, ಕೆಲವು ಕಡೆ ಚುಚ್ಚಿದ ಹಾಗೆ ನೋವಾಗಬಹುದು. ತಡೆಯಲು ಆಗದಿದ್ದರೆ ಬಾಯಿಬಿಟ್ಟು ಹೇಳಿ, ತಲೆ ಮಾತ್ರ ಅಲ್ಲಾಡಿಸಬೇಡಿ.

ಮುಗಿದ ಕೂಡಲೇ ಆ ಕಣ್ಣಿಗೆ ಕತ್ತಲು ಕವಿದ ಹಾಗೆ, ಬಣ್ಣ ಬೇರೆಯಾದ ಹಾಗೆ ಕಾಣುತ್ತದೆ. ಹೆದರಬೇಕಾಗಿಲ್ಲ, ಅದು ಬೇಗ ತಿಳಿಯಾಗುತ್ತದೆ. ಹನಿಯಿಂದಾದ ಮಬ್ಬು ಮಾತ್ರ ನಾಲ್ಕಾರು ಗಂಟೆ, ಕೆಲವರಿಗೆ ಮರುದಿನ ಬೆಳಿಗ್ಗೆಯವರೆಗೂ ಇರುತ್ತದೆ. ಬಸ್ಸಿನ ಬೋರ್ಡು ಕಾಣುವುದಿಲ್ಲ, ಮೆಟ್ಟಿಲು ಗೊತ್ತಾಗುವುದಿಲ್ಲ. ಒಬ್ಬರೇ ಹೋಗಬೇಡಿ ಅಂತ ನಾವು ಹೇಳುವುದು ಅದಕ್ಕೇ. ತಲೆನೋವು ಬಂದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.

ಎರಡು ವಾರ ಯಾಕೆ?

ಸಿಮೆಂಟು ನೆಲ ಹಾಕಿದ ದಿನವೇ ಅದರ ಮೇಲೆ ಒರಳುಕಲ್ಲು ಉರುಳಿಸುತ್ತೇವೆಯೇ? ಮೇಲಿನಿಂದ ನೋಡಿದರೆ ಗಟ್ಟಿಯಾದಂತೆ ಕಾಣುತ್ತದೆ, ಒಳಗೆ ಆಗಿರುವುದಿಲ್ಲ. ಲೇಸರಿನ ಅಂಟು ಮೊದಲ ದಿನಗಳಲ್ಲೇ ಹಿಡಿಯಲು ಶುರುವಾದರೂ ಪೂರ್ತಿ ಬಲ ಬರಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟರೊಳಗೆ ಲೋಳೆ ಪರದೆಯನ್ನು ಮತ್ತೆ ಎಳೆದರೆ, ನೀರು ಆ ಬದು ದಾಟಿ ಆಚೆ ಹೋಗಬಹುದು.

ಆದ್ದರಿಂದ ಈ ದಿನಗಳಲ್ಲಿ ತುಂಬಿದ ಕೊಡ, ಸೌದೆ ಹೊರೆ, ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ, ಕಾಫಿ ಮೂಟೆ ಎತ್ತುವುದು ಬೇಡ. ಸೌದೆ ಒಡೆಯುವುದು, ಒನಕೆ ಹಿಡಿದು ಕುಟ್ಟುವುದು, ಗುದ್ದಲಿ ಹಿಡಿದು ಅಗೆಯುವುದು ಬೇಡ. ಗುಂಡಿ ಬಿದ್ದ ರಸ್ತೆಯಲ್ಲಿ ಬೈಕಿನ ಹಿಂದೆ, ಜೀಪಿನ ಹಿಂದೆ ಕುಲುಕಾಡಿಕೊಂಡು ಹೋಗುವುದನ್ನು ಸಾಧ್ಯವಾದಷ್ಟು ತಪ್ಪಿಸಿ. ಕಣ್ಣು ಉಜ್ಜಬಾರದು. ಹೊಗೆಯ ಒಲೆಯ ಮುಂದೆ ಕೂತರೆ ಉಜ್ಜದೆ ಇರಲು ಆಗುವುದಿಲ್ಲ, ಹಾಗಾಗಿ ಕೆಲವು ದಿನ ಒಲೆಯ ಕೆಲಸ ಮನೆಯ ಬೇರೆಯವರು ಮಾಡಲಿ, ಗಂಡಸರೂ ಮಾಡಬಹುದು. ಹದಿನೈದು ದಿನಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂದು ನಿಮ್ಮ ಡಾಕ್ಟರು ಹೇಳಿದರೆ ಅವರ ಮಾತನ್ನೇ ಕೇಳಿ. ಹರಿದ ಜಾಗ ಎಷ್ಟು ದೊಡ್ಡದು, ಎಲ್ಲಿದೆ ಎಂದು ನೋಡಿದವರು ಅವರು.

ಹಾಗಂತ ಕತ್ತಲೆ ಕೋಣೆಯಲ್ಲಿ ಮಲಗಬೇಕಾಗಿಲ್ಲ. ಪಾಪೆ ಮೊದಲಿನಂತಾದ ಮೇಲೆ ಓದಬಹುದು, ಹೊಲಿಗೆ ಮಷಿನ್ ತುಳಿಯಬಹುದು, ಹೂ ಕಟ್ಟಬಹುದು, ಟಿ.ವಿ. ನೋಡಬಹುದು. ಇದರಿಂದ ಪರದೆಗೆ ತೊಂದರೆಯಿಲ್ಲ. ಮೊಣಕಾಲೂರಿ ಪ್ರಾರ್ಥನೆ ಮಾಡಬಹುದು. ಲೇಸರಿನಲ್ಲಿ ಕಣ್ಣನ್ನು ಕೊಯ್ದಿರುವುದಿಲ್ಲ, ಆದ್ದರಿಂದ ಸ್ನಾನಕ್ಕೂ ಅಡ್ಡಿಯಿಲ್ಲ. ಪಥ್ಯದ ವಿಷಯ ಕೇಳಲೇಬೇಡಿ: ಬದನೆಕಾಯಿ ಬೇಡ, ಮೀನು ಬೇಡ, ಮೊಸರು ಬೇಡ ಎಂದು ಬರೀ ಗಂಜಿ ಕುಡಿಸುವ ಮನೆಗಳಿವೆ. ಈ ಚಿಕಿತ್ಸೆಗೆ ಅಂಥ ಪಥ್ಯ ಯಾವುದೂ ಇಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ತಮ್ಮ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳಬೇಕು, ಅಷ್ಟೇ.

ಡಾಕ್ಟರು ಕೊಟ್ಟ ಹನಿ ಬಿಟ್ಟು ಬೇರೇನನ್ನೂ ಕಣ್ಣಿಗೆ ಬಿಡಬಾರದು. ಎದೆಹಾಲು, ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ ಇವೆಲ್ಲ ಹಿಂದಿನಿಂದ ಬಂದದ್ದು ನಿಜ. ಆದರೆ ಕಣ್ಣಿನ ಮೇಲೆ ಬಿಟ್ಟ ರಸ ಹಿಂಬದಿಯ ಪರದೆಯನ್ನು ಅಂಟಿಸುವುದಿಲ್ಲ, ಸೋಂಕು ಮಾತ್ರ ತಂದೀತು. ಡಿಸೆಂಬರ್ 13ರಂದು ಕಣ್ಣುಗಳ ಪಾಲಕಿ ಸಂತ ಲೂಸಿಯಾ ಅವರ ಹಬ್ಬ. ಅವರಲ್ಲಿ ಬೇಡಿಕೊಳ್ಳೋಣ, ಆಸ್ಪತ್ರೆಯ ತಾರೀಕನ್ನೂ ತಪ್ಪಿಸದಿರೋಣ.

ಚುಕ್ಕೆ ಹೋಗಿಲ್ಲವಲ್ಲ?

ಲೇಸರ್ ಆದ ಮೇಲೆ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಕಪ್ಪು ಚುಕ್ಕೆ ತೇಲುವುದು ಲೋಳೆಯ ಒಳಗೆ, ಲೇಸರ್ ಮಾಡಿದ್ದು ಪರದೆಗೆ. ಚುಕ್ಕೆಗಳು ವಾರಗಳು, ತಿಂಗಳುಗಳು ಇರಬಹುದು, ನಿಧಾನವಾಗಿ ಕಣ್ಣಿಗೆ ಅಭ್ಯಾಸವಾಗುತ್ತದೆ. ಮಿಂಚು ಕೂಡ ಕೆಲವು ದಿನ ಅಲ್ಪಸ್ವಲ್ಪ ಇರಬಹುದು. ಚಿಕಿತ್ಸೆ ಕೆಟ್ಟಿತು ಎಂದು ಇದರ ಅರ್ಥವಲ್ಲ.

ಆದರೆ ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಮಿಂಚು ಜೋರಾದರೆ, ಪಕ್ಕದಿಂದಲೋ ಮೇಲಿನಿಂದಲೋ ಕೆಳಗಿನಿಂದಲೋ ಕಪ್ಪು ಸೆರಗು ಎಳೆದ ಹಾಗೆ ಕಂಡರೆ, ದೃಷ್ಟಿ ಮಂಜಾದರೆ ಅದೇ ದಿನ ಹೊರಡಬೇಕು. ನಾಳೆ ಸಂತೆ ಮುಗಿಸಿ ಹೋಗೋಣ, ಭಾನುವಾರ ಕಳೆಯಲಿ ಅನ್ನುವಂತಿಲ್ಲ. ಪರದೆಯ ನಡುಭಾಗ ಏಳುವ ಮುಂಚೆ ಆಪರೇಷನ್ ಆದವರಿಗೆ ದೃಷ್ಟಿ ಉಳಿಯುವ ಅವಕಾಶ ಹೆಚ್ಚು.

ಇದನ್ನು ಗುರುತಿಸಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ. ಇನ್ನೊಂದು ಕಣ್ಣಿನಿಂದ ನಡುವಿನ ಒಂದು ತಾರೀಕನ್ನೇ ನೋಡುತ್ತಾ, ನಾಲ್ಕೂ ಮೂಲೆ ಕಾಣುತ್ತಿದೆಯೇ ಗಮನಿಸಿ. ಆಮೇಲೆ ಕಣ್ಣು ಬದಲಿಸಿ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಡುತ್ತದೆ, ಮನೆಯಲ್ಲಿ ನಾವು ಮಾಡುವ ಹಾಗೆ. ದಿನಾ ಬೆಳಿಗ್ಗೆ ಒಂದು ನಿಮಿಷದ ಕೆಲಸ ಇದು. ಪರೀಕ್ಷೆ ಸರಿ ಬಂತು ಅಂತ ಆಸ್ಪತ್ರೆಯ ತಾರೀಕು ಬಿಡಬೇಡಿ, ಅಂಚಿನಲ್ಲಿ ಏಳುತ್ತಿರುವ ಪರದೆ ಕ್ಯಾಲೆಂಡರಿನಲ್ಲಿ ಗೊತ್ತಾಗದೆ ಇರಬಹುದು.

ಸಾಮಾನ್ಯವಾಗಿ ಒಂದೆರಡು ವಾರಕ್ಕೆ, ಆಮೇಲೆ ಒಂದು ತಿಂಗಳ ಹೊತ್ತಿಗೆ, ಮತ್ತೆ ಕೆಲವು ತಿಂಗಳಿಗೆ ಬರಹೇಳುತ್ತಾರೆ. ಕಣ್ಣು ಚೆನ್ನಾಗಿದೆ, ಬಸ್ ಚಾರ್ಜು ದಂಡ ಎಂದು ನಮ್ಮವರು ಬಿಡುವುದು ಎರಡನೇ ಸಲದ್ದನ್ನೇ. ಅಂಟು ಸಾಲದೆ ಇನ್ನೊಮ್ಮೆ ಲೇಸರ್ ಬೇಕಾಗಬಹುದು, ಬೇರೆ ಕಡೆ ಹೊಸದಾಗಿ ಹರಿದಿರಬಹುದು, ಇನ್ನೊಂದು ಕಣ್ಣಿನಲ್ಲೂ ಆಗಬಹುದು. ಅದು ಗೊತ್ತಾಗುವುದು ಆ ಭೇಟಿಯಲ್ಲಿ.

ಘಟ್ಟದ ಮೇಲಿನವರಿಗೆ ಒಂದು ಮಾತು. ಪರದೆ ಎದ್ದುಬಿಟ್ಟು ದೊಡ್ಡ ಆಪರೇಷನ್ ಆದರೆ ಕೆಲವೊಮ್ಮೆ ಕಣ್ಣಿನೊಳಗೆ ಗ್ಯಾಸ್ ತುಂಬಿಸಿ ಕಳಿಸುತ್ತಾರೆ. ಸಮುದ್ರದ ಮಟ್ಟದ ಮಂಗಳೂರಿನಲ್ಲಿ ಗ್ಯಾಸ್ ತುಂಬಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಕಡೆ ಬಂದರೆ, ಎತ್ತರಕ್ಕೆ ಬಂದ ಹಾಗೆ ಆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಅಪಾಯಕ್ಕೆ ಏರಬಹುದು. ಅಂಥವರು ಊರಿಗೆ ಯಾವಾಗ ಹೋಗಬಹುದೆಂದು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಬರೀ ಲೇಸರ್ ಆದವರಿಗೆ ಈ ಭಯ ಇಲ್ಲ, ಅದೇ ದಿನ ಘಟ್ಟ ಹತ್ತಬಹುದು.

ಸಂಘ ಏನು ಮಾಡಬಹುದು

ಪರದೆಯ ಲೇಸರ್ ಎಲ್ಲ ತಾಲೂಕು ಆಸ್ಪತ್ರೆಯಲ್ಲಿ ಇರುವುದಿಲ್ಲ. ಅಲ್ಲಿನ ಕಣ್ಣಿನ ಡಾಕ್ಟರು ನೋಡಿ ಮುಂದಕ್ಕೆ ಬರೆದುಕೊಡುತ್ತಾರೆ. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಯಲ್ಲಿ ಪರದೆಗೆಂದೇ ವಿಭಾಗವಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್, ಬರೆದುಕೊಟ್ಟ ಚೀಟಿ ಜೊತೆಗಿರಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ನಿಮ್ಮ ಚಿಕಿತ್ಸೆ ಬರುತ್ತದೆಯೇ ಎಂದು ದೊಡ್ಡ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ.

ಹಣಕ್ಕಿಂತ ಮುಖ್ಯವಾದದ್ದು ಆಳು. ಲೇಸರ್ ಆದ ಸದಸ್ಯೆಯ ಮನೆಗೆ ನೀರು ತರುವ ಸರದಿಯನ್ನು ಹಂಚಿಕೊಳ್ಳಿ. ಹದಿನೈದು ಮಂದಿ ಇದ್ದರೆ ಒಬ್ಬೊಬ್ಬರಿಗೆ ಬರುವುದು ಒಂದೇ ದಿನ! ಕೂಲಿ ತಪ್ಪಿದ್ದಕ್ಕೆ ಆ ತಿಂಗಳ ಕಂತನ್ನು ಮುಂದೂಡಲು ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ, ದಂಡ ಹಾಕಬೇಡಿ. ಎರಡನೇ ಭೇಟಿಯ ತಾರೀಕನ್ನೂ ಅದೇ ಪುಟದಲ್ಲಿ ಬರೆದು, ಅವತ್ತು ಜೊತೆಗೆ ಯಾರು ಹೋಗುವುದೆಂದು ಹೆಸರು ಹಾಕಿ. ಬಸ್ ಚಾರ್ಜಿಗೆ ಆಂತರಿಕ ಸಾಲ ಕೊಡಬಹುದು. ಮನೆಯವರು ನಂಬದಿದ್ದರೆ ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರೂ ಹೋಗಿ ಈ ಪಾಠವನ್ನು ಅತ್ತೆಗೂ ಗಂಡನಿಗೂ ಓದಿ ಹೇಳಿ. ಅವಳೇ ಹೇಳಿದರೆ ಸೋಮಾರಿತನ ಅನ್ನುವವರು ನೀವು ಹೇಳಿದರೆ ಕೇಳುತ್ತಾರೆ.

ಚರ್ಚೆಗೆ

1. ನಮ್ಮ ಸಂಘದಲ್ಲಿ ಹೆಚ್ಚು ಮೈನಸ್ ಪವರಿನ ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು ಯಾರು ಯಾರು? ಅವರು ಕಣ್ಣಿನ ಹಿಂಬದಿಯನ್ನು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?

2. ರಾತ್ರಿ ಹೊತ್ತು ಒಬ್ಬ ಸದಸ್ಯೆಗೆ ಕಣ್ಣಿಗೆ ಕಪ್ಪು ಸೆರಗು ಬಂದಂತಾದರೆ ನಮ್ಮ ಊರಿನಿಂದ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ ಹೋಗುವುದು? ಈ ಸಭೆಯಲ್ಲೇ ತೀರ್ಮಾನಿಸಿ ಬರೆದಿಡಿ.

3. ಇಂದು ಸಭೆ ಮುಗಿಯುವ ಮುಂಚೆ ಎಲ್ಲರೂ ಒಬ್ಬೊಬ್ಬರಾಗಿ ಕ್ಯಾಲೆಂಡರ್ ಪರೀಕ್ಷೆ ಮಾಡಿ ನೋಡಿ.