ಪ್ರಶ್ನೆ ಚಿಹ್ನೆಯ ಜೊತೆ ಏಗಿ ಕಲಿತದ್ದು

ಸಿ ಭಾಷೆಯ ಕಂಡೀಷನಲ್ ಆಪರೇಟರ್ ಅಂದರೆ ಇಫ್-ಎಲ್ಸ್‌ನ ಚಿಕ್ಕ ರೂಪ ಎಂದೇ ನಾನು ತಿಳಿದಿದ್ದೆ. ಆದರೆ ಇಫ್-ಎಲ್ಸ್ ಆರಿಸುವುದು ಯಾವ ಕೆಲಸ ನಡೆಯಬೇಕು ಎಂಬುದನ್ನು, ‘?:’ ಆರಿಸುವುದು ಒಂದು ಮೌಲ್ಯವನ್ನು. ಇಷ್ಟು ತಲೆಗೆ ಹೋಗುವ ತನಕ ನನ್ನ ಕೋಡನ್ನು ಬೇರೆಯವರು ತಿದ್ದಿದ್ದೇ ಹೆಚ್ಚು. ಇಲ್ಲಿನ ಉದಾಹರಣೆಗಳಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ.

1. ಆವರಣ ಹಾಕಲು ಜಿಪುಣತನ ಬೇಡ

ಸಾಮಾನು ಮನೆಗೆ ತಲುಪಿಸುವುದಿದ್ದರೆ ಬಿಲ್ಲಿಗೆ 40 ರೂಪಾಯಿ ಸೇರಬೇಕಿತ್ತು. ‘ಒಟ್ಟು = ಮೊತ್ತ + ತಲುಪಿಸು ? 40 : 0;’ ಎಂದು ಬರೆದೆ. ಎಷ್ಟೇ ಕೊಂಡರೂ ಬಿಲ್ಲು 40 ರೂಪಾಯಿ! ತೆರಿಗೆಯ ಫಂಕ್ಷನ್‌ನಲ್ಲಿ ದೋಷ ಹುಡುಕುತ್ತಾ ಕುಳಿತೆ, ಪಾಪ, ಅದರದೇನೂ ತಪ್ಪಿರಲಿಲ್ಲ. ಕೂಡುವ ಚಿಹ್ನೆಗೆ ಆದ್ಯತೆ ಹೆಚ್ಚು. ಕಂಪೈಲರ್ ಮೊದಲು ಮೊತ್ತವನ್ನೂ ತಲುಪಿಸುವುದನ್ನೂ ಕೂಡಿಸಿ, ಬಂದದ್ದು ಸೊನ್ನೆಯಲ್ಲವಾದ್ದರಿಂದ 40 ಎಂದಿತ್ತು. ಆದ್ಯತೆಯಲ್ಲಿ ಈ ಆಪರೇಟರ್‌ಗಿಂತ ಕೆಳಗಿರುವುದು ಅಸೈನ್‌ಮೆಂಟ್ ಮತ್ತು ಕಾಮಾ ಮಾತ್ರ. ‘ಮೊತ್ತ + (ತಲುಪಿಸು ? 40 : 0)’ ಎಂದಿದ್ದರೆ ಮುಗಿದಿತ್ತು.

2. ಎರಡೂ ಬದಿಯ ಟೈಪ್ ನೋಡಿ

ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ‘(ಸಿಕ್ಕಿತು ? ಸ್ಥಾನ : -1) < 0’ ಎಂದು ಪರೀಕ್ಷಿಸಿ, ನಿಜವಾದರೆ ‘ಸಿಗಲಿಲ್ಲ’ ಎಂದು ತೋರಿಸುವುದು ನನ್ನ ಲೆಕ್ಕ. ಆ ಸಂದೇಶ ಎಂದೂ ಬರಲಿಲ್ಲ. ಸ್ಥಾನ ಅನ್‌ಸೈನ್ಡ್ ಇಂಟ್ ಆಗಿತ್ತು. ಇಡೀ ಎಕ್ಸ್‌ಪ್ರೆಶನ್‌ಗೆ ಒಂದೇ ಟೈಪ್. ಯಾವ ಬದಿ ಗೆಲ್ಲುತ್ತದೆ ಎಂದು ಗೊತ್ತಾಗುವ ಮೊದಲೇ, ಕಂಪೈಲ್ ಆಗುವಾಗಲೇ ಅದು ತೀರ್ಮಾನವಾಗಿರುತ್ತದೆ. ಇಂಟ್ ಮತ್ತು ಅನ್‌ಸೈನ್ಡ್ ಇಂಟ್ ಎದುರಾದರೆ ಫಲ ಅನ್‌ಸೈನ್ಡ್. 32 ಬಿಟ್‌ನಲ್ಲಿ -1 ಅನ್ನುವುದು 4294967295 ಆಗಿ ಕೂತಿತ್ತು. ಅದು ಸೊನ್ನೆಗಿಂತ ಕಡಿಮೆ ಆಗುವುದೆಂತು? ಎಚ್ಚರಿಕೆಯ ಆಯ್ಕೆಗಳನ್ನು ಹಾಕಿ ಕಂಪೈಲ್ ಮಾಡಿದ್ದರೆ ಜಿಸಿಸಿ ಹೇಳುತ್ತಿತ್ತು. ಗದ್ದಲ ಜಾಸ್ತಿ ಎಂದು ನಾನೇ ಅದರ ಬಾಯಿ ಮುಚ್ಚಿಸಿದ್ದೆ.

3. ಮ್ಯಾಕ್ರೊಗೆ ‘++’ ಕೊಡಬೇಡಿ

ಎರಡರಲ್ಲಿ ದೊಡ್ಡದನ್ನು ಕೊಡುವ ‘((ಕ) > (ಖ) ? (ಕ) : (ಖ))’ ಮ್ಯಾಕ್ರೊಗೆ ‘ಎಣಿಕೆ++’ ಕೊಟ್ಟೆ. ಹೋಲಿಸುವಾಗ ಒಮ್ಮೆ, ಆಯ್ಕೆಯಾದ ಮೇಲೆ ಮತ್ತೊಮ್ಮೆ ಎಣಿಕೆ ಏರಿತು. ಆಪರೇಟರ್ ಒಂದು ಬದಿಯನ್ನಷ್ಟೇ ಲೆಕ್ಕ ಮಾಡುವುದರಿಂದ, ಎಣಿಕೆ ಚಿಕ್ಕದಿದ್ದಾಗ ಏರುವುದು ಒಂದೇ ಸಲ. ಹಾಗಾಗಿ ದೋಷ ಕೆಲವೊಮ್ಮೆ ಮಾತ್ರ ಕಾಣುತ್ತಿತ್ತು. ‘ಜನ ? ಮೊತ್ತ / ಜನ : 0’ ಎಂದು ಸೊನ್ನೆಯ ಭಾಗಾಕಾರ ತಪ್ಪಿಸಲು ಬರುವುದೂ ಇದೇ ಗುಣದಿಂದ. ಮ್ಯಾಕ್ರೊ ಬದಲು ಈಗ ಚಿಕ್ಕ ಇನ್‌ಲೈನ್ ಫಂಕ್ಷನ್ ಬರೆಯುತ್ತೇನೆ.

4. ಕನ್ನಡ ವಾಕ್ಯಕ್ಕೆ ಬಾಲ ಅಂಟಿಸಲು ಹೋಗಬೇಡಿ

ಕರ್ನಿಗನ್ ಮತ್ತು ರಿಚಿ ಅವರ ಪುಸ್ತಕದ 1988ರ ಆವೃತ್ತಿಯಲ್ಲಿ, ಸಂಖ್ಯೆ ಒಂದಲ್ಲದಿದ್ದರೆ ಪದದ ಕೊನೆಗೆ ಬಹುವಚನದ ‘ಎಸ್’ ಅಂಟಿಸುವ ಪ್ರಿಂಟ್‌ಎಫ್ ಸಾಲೊಂದಿದೆ. ಅದನ್ನು ನೋಡಿ ಕನ್ನಡದ ತೆರೆಗೂ ‘ಪುಸ್ತಕ’ದ ಮುಂದೆ ‘ಸಂಖ್ಯೆ == 1 ? "ವಿದೆ" : "ಗಳಿವೆ"’ ಹಾಕಿದೆ. ಚೆನ್ನಾಗಿಯೇ ಬಂತು. ‘ಹಾಳೆ’ಗೆ ಹಾಕಿದಾಗ ‘ಹಾಳೆವಿದೆ’ ಆಯಿತು. ಸಂಖ್ಯೆ ಸೊನ್ನೆಯಾದಾಗ ‘0 ಪುಸ್ತಕಗಳಿವೆ’ ಎಂದು ಬಂತು. ಅಲ್ಲಿ ‘ಪುಸ್ತಕವಿಲ್ಲ’ ಎನ್ನಬೇಕು. ಒಂದು ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ತುರುಕಿ ಸರಿಮಾಡಿದೆ, ಆಮೇಲೆ ಅದನ್ನು ನನಗೇ ಓದಲಾಗಲಿಲ್ಲ. ಕೊನೆಗೆ ಪ್ರತಿ ವಸ್ತುವಿಗೂ ಮೂರು ಪೂರ್ತಿ ವಾಕ್ಯ ಬರೆದಿಟ್ಟು, ಅವುಗಳಲ್ಲಿ ಒಂದನ್ನು ಆರಿಸುವ ಕೆಲಸವನ್ನು ಇಫ್-ಎಲ್ಸ್‌ಗೇ ಬಿಟ್ಟೆ.