‘=’ ಅಂದರೆ ಇಲ್ಲಿ ಸಮ ಅಲ್ಲ

ಪ್ರಥಮ ಪಿಯುಸಿ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಪ್ರತಿ ವರ್ಷ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಸರ್, ಎಕ್ಸ್ = ಎಕ್ಸ್ + 1 ಹೇಗೆ ಸರಿ? ಎರಡೂ ಕಡೆ ಎಕ್ಸ್ ಕಳೆದರೆ 0 = 1 ಆಗುತ್ತದಲ್ಲ?’ ಗಣಿತವನ್ನು ಶ್ರದ್ಧೆಯಿಂದ ಓದಿದವರೇ ಇದನ್ನು ಕೇಳುವುದು. ಕೇಳದೆ ಸುಮ್ಮನಿದ್ದು, ‘ಈ ವಿಷಯ ನನಗಲ್ಲ’ ಎಂದು ತೀರ್ಮಾನಿಸುವವರೂ ಇದ್ದಾರೆ. ಕನ್ನಡ, ಉರ್ದು ಮಾಧ್ಯಮದಿಂದ ಬಂದವರಲ್ಲಿ ಇದನ್ನು ಹೆಚ್ಚು ಕಂಡಿದ್ದೇನೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಇಲ್ಲಿ ನಡೆಯುವ ಕೆಲಸದ ಹೆಸರು ಅಸೈನ್‌ಮೆಂಟ್ (ನೀವು ಕೊನೆಯ ದಿನ ಓಡಿಬಂದು ಕೊಡುವ ಅಸೈನ್‌ಮೆಂಟ್ ಅಲ್ಲ). ಬೆಳ್ಳಂದೂರಿನ ಒಂದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ನೀರಿನ ಟ್ಯಾಂಕರ್ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಿಡುತ್ತಾರೆ ಎಂದುಕೊಳ್ಳಿ. ಬೋರ್ಡಿನಲ್ಲಿ 7 ಇದೆ. ಇನ್ನೊಂದು ಟ್ಯಾಂಕರ್ ಬಂತು. ಸೆಕ್ಯುರಿಟಿಯವರು 7 ನೋಡಿ, ಒಂದು ಕೂಡಿಸಿ, 7 ಅಳಿಸಿ 8 ಬರೆಯುತ್ತಾರೆ. ‘ಟ್ಯಾಂಕರ್ = ಟ್ಯಾಂಕರ್ + 1’ ಅಂದರೆ ಇಷ್ಟೇ. ಬಲಗಡೆ ಇರುವುದು ಹಳೆಯ ಬೆಲೆ, ಎಡಗಡೆ ಇರುವುದು ಹೊಸ ಬೆಲೆ ಬರೆಯುವ ಜಾಗ. ಕಂಪ್ಯೂಟರ್ ಮೊದಲು ಬಲಗಡೆಯನ್ನು ಮುಗಿಸಿ ಆಮೇಲೆ ಎಡಕ್ಕೆ ಬರುತ್ತದೆ. ಉರ್ದು ಓದುವವರಿಗೆ ಈ ದಿಕ್ಕು ಹೊಸದೇನಲ್ಲ.

ಹಾಗಾದರೆ ಸಮಚಿಹ್ನೆಯೇ ಏಕೆ? ಗಣಿತದಲ್ಲಿ ಅದು ರಾಬರ್ಟ್ ರೆಕಾರ್ಡ್ 1557ರಲ್ಲಿ ತಂದ ಗುರುತು. ಅದಕ್ಕೂ ಮೊದಲು, 15ನೇ ಶತಮಾನದಲ್ಲಿ, ಅಂದಲೂಸಿಯದ ಅಲ್ ಕಲಸಾದಿ ಸಮ ಎನ್ನಲು ಅರಬ್ಬಿಯ ಲಾಮ್ ಅಕ್ಷರ ಬಳಸಿದ್ದರು. ಎರಡರ ಅರ್ಥವೂ ‘ಸಮ’ ಎಂದೇ. ‘ಅಳಿಸಿ ಬರೆ’ ಎಂದಲ್ಲ. ಜರ್ಮನಿಯ ಕೊನ್ರಾಡ್ ಟ್ಸೂಸ ಅವರಿಗೆ ಈ ವ್ಯತ್ಯಾಸ ಸ್ಪಷ್ಟವಿತ್ತು. 1945ರ ಹೊತ್ತಿಗೆ ಅವರು ರೂಪಿಸಿದ ಪ್ಲಾನ್‌ಕಾಲ್ಕ್ಯೂಲ್ ಭಾಷೆಯಲ್ಲಿ ಇದು ‘ಝಡ್ + 1 ⇒ ಝಡ್’ ಎಂಬ ರೀತಿಯಲ್ಲಿತ್ತು. ಬೆಲೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬಾಣವೇ ಹೇಳುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಬರವಣಿಗೆ ಇಲ್ಲ. ಆದರೆ ಯುದ್ಧಕಾಲದ ಆ ಕೆಲಸ ಪೂರ್ಣವಾಗಿ ಪ್ರಕಟವಾದದ್ದು 1972ರಲ್ಲಿ.

ಅಷ್ಟರಲ್ಲಿ ಜಗತ್ತು ಬೇರೆ ದಾರಿ ಹಿಡಿದಿತ್ತು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಹೊರತಂದರು. ಆಗ ಪ್ರೋಗ್ರಾಂ ಅನ್ನು ಕಾರ್ಡಿನಲ್ಲಿ ತೂತು ಕೊರೆದು ಕೊಡಬೇಕಿತ್ತು. ಆ ಯಂತ್ರದಲ್ಲಿದ್ದ ಗುರುತುಗಳು ಐವತ್ತರೊಳಗೆ; ಬಾಣ ಇರಲಿಲ್ಲ, ‘=’ ಇತ್ತು. ಮೊದಲ ಫೋರ್ಟ್ರಾನ್‌ನಲ್ಲಿ ‘ಇವೆರಡು ಸಮವೇ?’ ಎಂದು ಕೇಳುವ ಗುರುತೂ ಇರಲಿಲ್ಲ. ಒಂದು ಬೆಲೆ ಸೊನ್ನೆಗಿಂತ ಕಡಿಮೆಯೋ, ಸೊನ್ನೆಯೋ, ಹೆಚ್ಚೋ ಎಂದು ನೋಡಿ ಮೂರು ದಾರಿಗಳಲ್ಲಿ ಒಂದಕ್ಕೆ ಹೋಗಬಹುದಿತ್ತು, ಅಷ್ಟೇ. ಆದ್ದರಿಂದ ‘=’ ಖಾಲಿ ಇತ್ತು, ಎತ್ತಿಕೊಂಡರು.

ಎಲ್ಲರೂ ಒಪ್ಪಲಿಲ್ಲ. 1958ರಲ್ಲಿ ಜ್ಯೂರಿಕ್‌ನಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರು ಕೂತು ರೂಪಿಸಿದ ಆಲ್ಗಾಲ್ ‘:=’ ಬಳಸಿತು; ಅದೇ ಮುಂದೆ ಪ್ಯಾಸ್ಕಲ್‌ಗೆ ಬಂತು. ಕೋಬಾಲ್ ಗುರುತು ಬಿಟ್ಟು ‘ಮೂವ್ ಎ ಟು ಬಿ’ ಎಂದು ಮಾತಿನಲ್ಲೇ ಬರೆಯಿತು. 1964ರ ಬೇಸಿಕ್ ‘ಲೆಟ್ ಎಕ್ಸ್ = ಎಕ್ಸ್ + 1’ ಎಂದಿತು; ಆ ‘ಲೆಟ್’ ಅಂದರೆ ನಮ್ಮ ‘ಆಗಲಿ’. ಮಕ್ಕಳ ಭಾಷೆ ಲೋಗೋದಲ್ಲಿ ಈ ಕೆಲಸಕ್ಕೆ ‘ಮೇಕ್’ ಎಂಬ ಆಜ್ಞೆ ಇದೆ. ಈ ಲೋಗೋವನ್ನು ಡಾ. ಯು. ಬಿ. ಪವನಜ ಅವರು ಕನ್ನಡಕ್ಕೆ ತಂದಿದ್ದಾರೆ. ಅದಕ್ಕೆ 2006ರಲ್ಲಿ ಮಂಥನ್ ಪ್ರಶಸ್ತಿ ಬಂತು. ಎಪಿಎಲ್ ‘←’ ಬಳಸಿತು. 1963ರ ಆಸ್ಕಿ ಅಕ್ಷರಪಟ್ಟಿಯಲ್ಲಿ ಆ ಬಾಣಕ್ಕೆ ಜಾಗವೂ ಇತ್ತು. 1967ರ ಪರಿಷ್ಕರಣೆಯಲ್ಲಿ ಅಲ್ಲಿ ಅಂಡರ್‌ಸ್ಕೋರ್ ಬಂದು ಕೂತಿತು.

ಕೊನೆಗೆ ಗೆದ್ದದ್ದು ಬೆಲ್ ಲ್ಯಾಬ್ಸ್. ಅಲ್ಲಿ ಕೆನ್ ಥಾಂಪ್ಸನ್ ಬಿ ಭಾಷೆಯಲ್ಲಿ ಅಸೈನ್‌ಮೆಂಟ್‌ಗೆ ‘=’, ಹೋಲಿಕೆಗೆ ‘==’ ಇಟ್ಟರು. ಹೆಚ್ಚು ಬಾರಿ ಬರೆಯುವ ಗುರುತು ಚಿಕ್ಕದಿರಲಿ ಎಂಬ ಲೆಕ್ಕಾಚಾರ. ಅದು ಡೆನಿಸ್ ರಿಚಿ ಅವರ ಸಿ ಭಾಷೆಗೆ, ಅಲ್ಲಿಂದ ಸಿ++, ಜಾವಾ, ಪೈಥಾನ್‌ಗೆ ಇಳಿಯಿತು.

ಉಳಿಸಿದ್ದು ಒಂದು ಕೀ. ಅದರ ಬೆಲೆ ಏನು ಎಂಬುದಕ್ಕೆ 2003ರ ನವೆಂಬರ್ ನೋಡಿ. ಲಿನಕ್ಸ್ ಕರ್ನಲ್‌ನ ಒಂದು ಪ್ರತಿಯೊಳಗೆ ಯಾರೋ ಗುಟ್ಟಾಗಿ ಎರಡು ಸಾಲು ಸೇರಿಸಿದರು. ಮೇಲ್ನೋಟಕ್ಕೆ ಅದು ‘ಬಳಕೆದಾರರ ಸಂಖ್ಯೆ 0 ಆಗಿದೆಯೇ?’ ಎಂಬ ತಪಾಸಣೆ. ಆದರೆ ‘==’ ಇರಬೇಕಾದಲ್ಲಿ ಒಂದೇ ‘=’ ಇತ್ತು. ಲಿನಕ್ಸ್‌ನಲ್ಲಿ 0 ಅಂದರೆ ರೂಟ್, ಇಡೀ ಯಂತ್ರದ ಯಜಮಾನ. ಆ ಸಾಲು ಪ್ರಶ್ನೆ ಕೇಳುತ್ತಿರಲಿಲ್ಲ, ಬಂದವರನ್ನು ಯಜಮಾನರನ್ನಾಗಿ ಮಾಡುತ್ತಿತ್ತು. ಮೂಲ ಭಂಡಾರದಲ್ಲಿ ಈ ಬದಲಾವಣೆಯ ದಾಖಲೆ ಇಲ್ಲದ್ದನ್ನು ಗಮನಿಸಿ ಅದನ್ನು ಬೇಗನೆ ತೆಗೆದುಹಾಕಿದರು. ಸೇರಿಸಿದವರು ಯಾರೆಂದು ಇಂದಿಗೂ ಬಹಿರಂಗವಾಗಿಲ್ಲ. ನಮ್ಮ ರಿಂಗ್ ರೋಡಿನ ಕಂಪನಿಗಳ ಕೆಲಸಕ್ಕೂ ಲಿನಕ್ಸ್ ಬೇಕು ಎಂಬುದನ್ನು ನೆನೆದರೆ ಇದು ದೂರದ ಕಥೆಯಲ್ಲ.

ಪೈಥಾನ್‌ನಲ್ಲಿ ‘ಇಫ್’ ಷರತ್ತಿನೊಳಗೆ ಒಂಟಿ ‘=’ ಹಾಕಿದರೆ ಪ್ರೋಗ್ರಾಂ ಓಡುವುದೇ ಇಲ್ಲ, ಸಿಂಟ್ಯಾಕ್ಸ್ ಎರರ್ ಬರುತ್ತದೆ. ಲ್ಯಾಬಿನಲ್ಲಿ ಆ ಕೆಂಪು ಸಾಲು ಕಂಡಾಗ ಬೈದುಕೊಳ್ಳಬೇಡಿ. ಷರತ್ತಿನೊಳಗೇ ಬೆಲೆ ಕೊಡಲು ಬೇರೆ ಗುರುತು ಬೇಕೇ ಎಂಬ ಚರ್ಚೆ ಎಷ್ಟು ಬಿಸಿಯಾಯಿತೆಂದರೆ, ಪೈಥಾನ್ ಜನಕ ಗೈಡೊ ವಾನ್ ರಾಸಮ್ ಅದರ ನಂತರ, 2018ರ ಜುಲೈನಲ್ಲಿ, ಭಾಷೆಯ ನಾಯಕತ್ವವನ್ನೇ ಬಿಟ್ಟರು. ಮರುವರ್ಷ ಪೈಥಾನ್ 3.8ರಲ್ಲಿ ಆ ಗುರುತು ಬಂದೇ ಬಂತು: ಜ್ಯೂರಿಕ್‌ನವರು 1958ರಲ್ಲಿ ಆರಿಸಿದ್ದ ಅದೇ ‘:=’.